ತೊಟ್ಟಿಲ ಕೆಳಗಿನ ಬೋರ್ಡು

ನನ್ನ ಹೆಂಡತಿ ಅಚ್ಚಮ್ಮನನ್ನು ಸುಡುಗಾಡಿಗೆ ಒಯ್ಯುತ್ತಿದ್ದಾಗ ದಾರಿಯಲ್ಲೇ ಹಗುರ ಬಂತು. ಗುಡಿಯ ಗಂಟೆ ಎರಡು ನಿಮಿಷ ಮುಂಚೆಯೇ ಹೊಡೆದಿತ್ತು. ಹೊತ್ತವರು ನಾಲ್ವರೂ ಚಟ್ಟವನ್ನು ದಾರಿಬದಿಯ ಬೇವಿನ ಮರಕ್ಕೆ ಕಟ್ಟಿ, ತಮ್ಮನ್ನೂ ಕಟ್ಟಿಕೊಂಡು ನಿಂತಿದ್ದರು. ಆದರೆ ಗಾಬರಿಯಲ್ಲಿ ಹಗ್ಗವನ್ನು ಉದ್ದ ಬಿಟ್ಟಿದ್ದರು. ಚಟ್ಟ ಮೆಲ್ಲಗೆ ಮೇಲೆದ್ದು ಬೇವಿನ ನೆತ್ತಿಯನ್ನೂ ದಾಟಿ ನಿಂತಿತು. ದಾರಿಯುದ್ದಕ್ಕೂ ಎರಚಿದ್ದ ಪುರಿ ಹಗಲಿನಲ್ಲೇ ಮೂಡಿದ ನಕ್ಷತ್ರಗಳಂತೆ ಅವಳ ಸುತ್ತ ತೇಲಿತು. ಮೊಣಕಾಲು ನೋವೆಂದು ಹತ್ತು ವರ್ಷದಿಂದ ಮಹಡಿ ಮೆಟ್ಟಿಲು ಹತ್ತದವಳು ಮರ ಹತ್ತಿದಳಲ್ಲಾ ಎಂದುಕೊಂಡೆ. ಅಂದುಕೊಂಡದ್ದೇ ತಡ, ನನಗೆ ನಗು ಬಂತು. ಮೊದಲು ನಕ್ಕವನು ನಾನೇ. ಆಮೇಲೆ ಎಲ್ಲರೂ ನಕ್ಕರು. ಅವಳು ಕೆಳಗಿಳಿದ ಮೇಲೆ ಮತ್ತೆ ಅತ್ತೆವು. ಅಲ್ಲಿಂದ ಮುಂದೆ ಎಂಟು ತಿಂಗಳು ನಾನು ನಗಲಿಲ್ಲ.

ನಮ್ಮ ಊರಿನಲ್ಲಿ ಹಗುರ ದಿನಕ್ಕೊಂದು ಸಲ, ಹಗಲು ಹೊತ್ತಿನಲ್ಲೇ ಬರುತ್ತದೆ. ಬೆಳಿಗ್ಗೆ ಹಾಲು ಕಾಯಿಸುವಾಗ ಬಂದರೂ ಬಂತು, ಸಂಜೆ ದನ ಮರಳುವಾಗ ಬಂದರೂ ಬಂತು. ಬಂದರೆ ಏಳೆಂಟು ನಿಮಿಷ ಇರುತ್ತದೆ. ಆಗ ಕಟ್ಟದೆ ಬಿಟ್ಟದ್ದೆಲ್ಲ ಏಳುತ್ತದೆ, ಆಮೇಲೆ ಆತುರವಿಲ್ಲದೆ ಇಳಿಯುತ್ತದೆ. ಅದಕ್ಕೇ ನಮ್ಮ ಪಾತ್ರೆಗಳ ಮುಚ್ಚಳಕ್ಕೆಲ್ಲ ಕೊಕ್ಕೆ ಇದೆ. ಬೀದಿಯಲ್ಲಿ ಹತ್ತು ಹೆಜ್ಜೆಗೊಂದು ಕಬ್ಬಿಣದ ಬಳೆ ನೆಟ್ಟಿದೆ. ಗಂಡಸರೂ ಹೆಂಗಸರೂ ಸೊಂಟಕ್ಕೆ ಮೂರು ಮೊಳ ಹಗ್ಗ ಸುತ್ತಿಕೊಂಡೇ ಹೊರಡುತ್ತಾರೆ. ಹೆಣ್ಣು ನೋಡಲು ಬಂದವರು ಮೊದಲು ಕೇಳುವುದು ಹುಡುಗಿಗೆ ಎಷ್ಟು ಬಗೆಯ ಗಂಟು ಹಾಕಲು ಬರುತ್ತದೆ ಎಂದು. ಇನ್ನೊಂದು ಕಟ್ಟಳೆಯೂ ಉಂಟು. ಕಟ್ಟದೆ ಬಿಟ್ಟದ್ದನ್ನು ಹಗುರ ಎಲ್ಲಿ ಇಳಿಸಿತೋ ಅಲ್ಲಿಂದ ಮುಂದಿನ ಹಗುರದವರೆಗೆ ಕದಲಿಸಬಾರದು, ಆಗ ಮತ್ತೆ ಏಳುವಾಗ ಹಿಡಿದು ತಂದುಕೊಳ್ಳಬಹುದು. ಹೀಗಾಗಿ ಪಕ್ಕದ ಮನೆಯವರ ಒನಕೆ ನಮ್ಮ ಹಿತ್ತಿಲಲ್ಲಿ ಒಂದು ದಿನ ಅತಿಥಿಯಾಗಿರುತ್ತದೆ, ಪುರೋಹಿತರ ಪಂಚೆ ಹೋಟೆಲಿನ ಬೋರ್ಡಿನ ಮೇಲೆ ಒಣಗುತ್ತದೆ. ಯಾರೂ ಬೇಸರಪಡುವುದಿಲ್ಲ. ಮನುಷ್ಯರಿಗೂ ಇದೇ ಕಟ್ಟಳೆ. ಈಗಿನವರು ಪಾಲಿಸುವುದಿಲ್ಲ, ಅರವತ್ತು ದಾಟಿದ ನಮ್ಮಂಥವರು ಬಿಡುವುದಿಲ್ಲ.

ಗಂಟೆಯ ಏರ್ಪಾಡು ಮಾಡಿದವಳು ಅಚ್ಚಮ್ಮ. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಳು, ನಾನು ಕನ್ನಡ. ಗುಡಿಯ ಪಕ್ಕದ ಕೋಣೆಯಲ್ಲಿ ಒಂದು ಸೇರಿನ ಹಿತ್ತಾಳೆಯ ತೂಕವನ್ನು ಸ್ಪ್ರಿಂಗಿಗೆ ತೂಗುಹಾಕಿ, ಅದರ ಪಕ್ಕದಲ್ಲಿ ಅಂಗೈಯಗಲದ ಕಂಪ್ಯೂಟರ್ ಬೋರ್ಡೊಂದನ್ನು ಕೂರಿಸಿದ್ದಳು. ಹಗುರ ಬರುವ ಎರಡು ನಿಮಿಷ ಮುಂಚೆ ತೂಕ ಕೂದಲೆಳೆಯಷ್ಟು ಮೇಲೇಳುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಬೋರ್ಡಿಗೆ ಕಾಣುತ್ತದೆ, ಕಂಡ ಕೂಡಲೆ ಗಂಟೆ ಹೊಡೆಸುತ್ತದೆ. ಹದಿನೇಳು ವರ್ಷ ಒಂದು ದಿನವೂ ತಪ್ಪಲಿಲ್ಲ.

ಕಾರ್ತಿಕ ಕಳೆದ ಮೇಲೆ ಒಂದು ಮಂಗಳವಾರ ತಪ್ಪಿತು. ಗಂಟೆಯೇ ಇಲ್ಲದೆ ಹಗುರ ಬಂತು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದ ಶ್ಯಾನುಭೋಗರು ಹೊರಗೆ ತೇಲಿ ಬಂದರು, ಅವರ ಹಿಂದೆಯೇ ನೊರೆಯ ಬಟ್ಟಲು ಬಂತು. ಜಮೀಲಾಬಿಯ ಹಪ್ಪಳದ ಕಾರ್ಖಾನೆಯ ಅಂಗಳದಲ್ಲಿ ಬಿಸಿಲಿಗೆ ಹರವಿದ್ದ ನಾಲ್ಕು ಸಾವಿರ ಹಪ್ಪಳ ಒಟ್ಟಿಗೆ ಎದ್ದು ಊರಿನ ಮೇಲೆ ಚಪ್ಪರ ಹಾಕಿದವು. ಮರುದಿನದವರೆಗೆ ಮುಟ್ಟುವಂತಿಲ್ಲವಲ್ಲ, ಎಲ್ಲರ ಸೂರಿನ ಮೇಲೂ ಅವು ಅಲ್ಲಲ್ಲೇ ಒಣಗಿದವು. ಎರಡನೆಯ ದಿನ ಊರಿಗೆ ಊರೇ ಅವನ್ನು ಆರಿಸಿ ತಂದು ಬುಟ್ಟಿ ಬುಟ್ಟಿ ಜಮೀಲಾಬಿಗೆ ಒಪ್ಪಿಸಿತು. ಪ್ರತಿ ಬುಟ್ಟಿಯಲ್ಲೂ ಒಂದೆರಡು ಕಡಿಮೆ ಇದ್ದವು, ತಂದವರ ಬಾಯಿ ಆಡುತ್ತಿತ್ತು.

ರೇಡಿಯೊ ರಿಪೇರಿಯ ಚೌಡಯ್ಯ ಗುಡಿಯ ಕೋಣೆಯ ಪೆಟ್ಟಿಗೆ ಬಿಚ್ಚಿ ನೋಡಿ ತಲೆಯಾಡಿಸಿದ. "ಬೋರ್ಡು ಸುಟ್ಟೋಗಿದೆ ಮೇಷ್ಟ್ರೇ. ಹದಿನೇಳು ವರ್ಷ ಉಸಿರು ಬಿಡದೆ ದುಡಿದಿದೆ, ಇನ್ನೇನು ಮಾಡೀತು?"

ನಾನು ಗುಡಿಯ ಕಾರ್ಯದರ್ಶಿ. "ಇನ್ನೊಂದು ತಾರಯ್ಯ," ಎಂದೆ.

ಅವನು ಪಟ್ಟಣಕ್ಕೆ ಹೋಗಿ ಹೊಸದನ್ನು ತಂದ. ಉದ್ದ ಅಗಲ ಅಷ್ಟೇ, ಮೂಲೆಯ ನಾಲ್ಕು ತೂತು ಅಲ್ಲಲ್ಲೇ, ತಂತಿ ಸಿಕ್ಕಿಸುವ ನಲವತ್ತು ಮುಳ್ಳೂ ಲೆಕ್ಕಕ್ಕೆ ಸರಿ. ಮೊಳೆ ತಿರುಗಿಸಿ ಕೂರಿಸಿದಾಗ ಚೌಡಯ್ಯ ಮಾವನ ಮನೆಗೆ ಬಂದ ಅಳಿಯನಂತೆ ಬೀಗಿದ. ಆದರೆ ಹಳೆಯ ಬೋರ್ಡಿನಿಂದ ಕಿತ್ತ, ಅಚ್ಚಮ್ಮ ಬರೆದ ಪ್ರೋಗ್ರಾಮಿದ್ದ ಕಾರ್ಡನ್ನು ಹೊಸದರ ಬಾಯಿಗಿಟ್ಟರೆ ದೀಪ ಮಿನುಗಿತು, ಆರಿತು, ಮಿನುಗಿತು, ಆರಿತು. ಅಷ್ಟೇ.

"ಮೈಯೆಲ್ಲ ಒಂದೇ, ಬುದ್ಧಿ ಬೇರೆ," ಎಂದ ಚೌಡಯ್ಯ. "ಟೀಚರಮ್ಮ ಬರೆದದ್ದು ಇದಕ್ಕೆ ಅರ್ಥ ಆಗಲ್ಲ. ಇದಕ್ಕೆ ತಕ್ಕ ಹಾಗೆ ಪೂರಾ ತಿದ್ದಿ ಬರೀಬೇಕು. ನಾನೇ ಕೂತರೂ ಎರಡು ತಿಂಗಳು ಹಿಡಿಯುತ್ತೆ. ಅಲ್ಲೀತನಕ ಆ ಹಳೇ ಮಾದರೀದೇ ಒಂದು ಸಿಕ್ಕಿದ್ರೆ ಸಾಕು. ಕಾರ್ಡು ಹಾಕು, ಗಂಟೆ ಹೊಡಿ."

"ಅದನ್ನೇ ತರಬೇಕಿತ್ತು."

"ಮಾಡೋದು ನಿಲ್ಲಿಸಿದಾರೆ ಸ್ವಾಮಿ. ಎರಡು ತಿಂಗಳ ಹಿಂದೆ ಕೊನೇ ಆರ್ಡರು ಮುಗೀತಂತೆ. ನಿಲ್ಲಿಸೋಕೆ ಆರು ತಿಂಗಳ ಮುಂಚೇನೇ, ಕೊಂಡವರಿಗೆಲ್ಲ ಕಾಗದ ಹಾಕಿದ್ರಂತೆ. ನಿಮಗೆ ಬರಲಿಲ್ವಾ?"

ಬಂದಿಲ್ಲ ಎಂದೆ. ನನಗೆ ನೆನಪಿದ್ದ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಆಗ ನಾನು ಬಚ್ಚಿಟ್ಟದ್ದು ಕಾಗದದ ಸಂಗತಿಯಲ್ಲ. ಆ ಹಳೆಯ ಮಾದರಿಯ ಇನ್ನೊಂದು ಬೋರ್ಡು ಎಲ್ಲಿದೆಯೆಂದು ಊರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮ ದೇವರ ಮನೆಯಲ್ಲಿ ಅಂಬೆಗಾಲಿನ ಕೃಷ್ಣನಿದ್ದಾನೆ. ಬೊಗಸೆಯಲ್ಲಿ ಹಿಡಿಯುವಷ್ಟು ದೊಡ್ಡವನು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಅವನ ತೊಟ್ಟಿಲು ತೂಗುವುದು ಅಚ್ಚಮ್ಮನ ಸೇವೆ. ಮೊಣಕಾಲು ಬಗ್ಗದಂತಾದ ಮೇಲೆ ಅವಳು ನೆಲದಲ್ಲಿ ಕೂರಲಾರದೆ ಹೋದಳು. ನಾನು ತೂಗುತ್ತೇನೆಂದರೆ, "ನೀವು ಎರಡು ಸಲ ತೂಗಿ ನಿದ್ದೆ ಮಾಡ್ತೀರಿ ಕಣ್ರೀ. ಆಮೇಲೆ ಅವನೇ ಎದ್ದು ನಿಮ್ಮನ್ನ ತೂಗಬೇಕು," ಎಂದಳು. ತೊಟ್ಟಿಲ ಪೀಠದೊಳಗೆ ಒಂದು ಮೋಟರು, ಒಂದು ಬೋರ್ಡು ಇಟ್ಟು ತಾನೇ ತೂಗುವ ಹಾಗೆ ಮಾಡಿದಳು. ಮುಚ್ಚಳ ಹಾಕುವಾಗ, "ಇದು ಗುಡೀದರ ಅವಳಿ. ಒಟ್ಟಿಗೇ ತರಿಸಿದ್ದೆ," ಎಂದಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಅವಳ ಕೈಯಿಂದ ಇನ್ನೂ ನಡೆಯುತ್ತಿದ್ದದ್ದು ಅದೊಂದೇ. ಆರು ಗಂಟೆಗೆ ತೊಟ್ಟಿಲು ಕದಲಿ ಸ್ವಾಮಿಯ ಗೆಜ್ಜೆ ಕಿಣಿಕಿಣಿ ಎಂದರೆ ನನಗೆ ದಿನ ಹುಟ್ಟುತ್ತಿತ್ತು. ಮತ್ತೆ ಹಾಗೆ ಎಂದರೆ ದಿನ ಮುಗಿಯುತ್ತಿತ್ತು. ಅದನ್ನು ಬಿಚ್ಚಿ ಕೊಡುವುದೆಂದರೆ ಅವಳನ್ನು ಇನ್ನೊಂದು ಸಲ ಹೊತ್ತುಕೊಂಡು ಹೋದಂತೆ. ನಾನು ಬಾಯಿ ಬಿಡಲಿಲ್ಲ.

ಊರವರು ಹುಡುಕಲು ಹೊರಟರು. ನಮ್ಮ ಊರಿನಲ್ಲಿ ಆ ಬೋರ್ಡುಗಳ ಹುಚ್ಚು ಹತ್ತದ ಮನೆಯಿಲ್ಲ. ಗುರುವಾರ ಬೆಳಿಗ್ಗೆ ಗುಡಿಯ ಹಜಾರದಲ್ಲಿ ಬಾಳೆಲೆ ಹಾಸಿದೆವು. ಒಬ್ಬೊಬ್ಬರೇ ಬಂದು ತಮ್ಮ ತಮ್ಮದನ್ನು ಇಟ್ಟರು. ನಿವೃತ್ತ ನರ್ಸು ರೋಸಲಿನಮ್ಮ ತಮ್ಮ ತಗಡಿನ ಗಿಳಿಯ ಹೊಟ್ಟೆಯಿಂದ ಒಂದನ್ನು ಬಿಚ್ಚಿ ತಂದರು. ದರ್ಜಿಯವನು ತನ್ನ ಬೆಕ್ಕಿಗೆ ಮಾತ್ರ ತೆರೆಯುವ ಬಾಗಿಲಿನದು ತಂದ, ಅವನ ಹಿಂದೆಯೇ ಬೆಕ್ಕು ಬೈಯುತ್ತಾ ಬಂತು. ದೋಸೆ ಮಗುಚುವುದು, ತಬಲ ಬಾರಿಸುವುದು, ಅತ್ತೆ ಬಂದರೆ ದೀಪ ಹಚ್ಚುವುದು ಎಲ್ಲವೂ ಬಂದವು. ಒಟ್ಟು ನಲವತ್ತೇಳು. ಎಲೆಯ ತುಂಬ ಬಡಿಸಿಟ್ಟ ಹಾಗಿತ್ತು. ಚೌಡಯ್ಯ ಕನ್ನಡಕ ಏರಿಸಿ ಒಂದೊಂದನ್ನೇ ಎತ್ತಿ ನೋಡಿದ. "ಇದು ಅದರ ತಮ್ಮ. ಇದೂ ತಮ್ಮ. ಇದು ಮೊಮ್ಮಗ. ಇದ್ಯಾರದು, ಇದು ಬೋರ್ಡೇ ಅಲ್ಲ, ಪೌಡರಿನ ಡಬ್ಬಿ."

"ಒಳಗೆ ಕನ್ನಡಿ ಇದೆ, ಜೋಪಾನ," ಎಂದು ಯಾರೋ ಕೂಗಿದರು.

ಜಮೀಲಾಬಿ ತನ್ನ ಯಂತ್ರಗಳ ಐದನ್ನೂ ತಂದಿದ್ದಳು. "ನಾನೂ ಟೀಚರ್ ಮಾತು ಕೇಳಿಯೇ ಇವನ್ನ ಕೊಂಡಿದ್ದು. ಇಂಥ ವರ್ಷದ ತನಕ ಸಿಗುತ್ತೆ ಅಂತ ಬರೆದುಕೊಡೋರ ಹತ್ರಾನೇ ತಗೋ ಜಮೀಲಾ ಅಂದಿದ್ರು. ನನ್ನವಕ್ಕೆ ಇನ್ನೂ ಒಂಬತ್ತು ವರ್ಷ ಆಯುಸ್ಸಿದೆ. ಗಂಟೇದಕ್ಕೆ ಮುಗೀತು. ಕೊಟ್ಟ ಮಾತಿಗೆ ತಪ್ಪಲಿಲ್ಲ, ನಾವೇ ವರ್ಷ ಎಣಿಸಲಿಲ್ಲ." ಅವಳು ಅಚ್ಚಮ್ಮನ ಶಿಷ್ಯೆ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದವಳು.

ನಲವತ್ತೇಳರಲ್ಲಿ ಒಂದೂ ಆಗಲಿಲ್ಲ. ಕೊನೆಗೆ ತೂಕದ ಮುಂದೆ ಮನುಷ್ಯನನ್ನೇ ಕೂರಿಸೋಣವೆಂದಾಯಿತು. ಭೂತಗನ್ನಡಿ ಹಿಡಿದು ಚೌಡಯ್ಯನೇ ಕೂತ. ಆಗಿನಿಂದ ಮಧ್ಯಾಹ್ನದವರೆಗೆ "ಎದ್ದಿತು!" ಎಂದು ಒಂಬತ್ತು ಸಲ ಗಂಟೆ ಎಳೆದ. ಒಂಬತ್ತು ಸಲವೂ ಊರು ಒಲೆ ಆರಿಸಿ, ಮಕ್ಕಳನ್ನು ಕಟ್ಟಿ, ಮೇಲೆ ನೋಡುತ್ತಾ ನಿಂತಿತು. ಎದ್ದದ್ದು ಅವನ ರೆಪ್ಪೆ. ಹಗುರ ನಿಜವಾಗಿ ಬಂದಾಗ ಚೌಡಯ್ಯ ಕಣ್ಣೊರಸಿಕೊಳ್ಳುತ್ತಿದ್ದ, ಕುರ್ಚಿಯ ಸಮೇತ ಬಾಗಿಲಿನಿಂದಾಚೆ ತೇಲಿ ಮೇಲೆ ಹೋದ.

ನಾನಾಗ ಮನೆಗೆ ಬಂದು ದೇವರ ಮನೆಯ ಮುಂದಿನ ಪಡಸಾಲೆಯಲ್ಲಿ ಹಗ್ಗ ಬಿಚ್ಚಿಟ್ಟು ಕೂತಿದ್ದೆ. ಒಂಬತ್ತು ಸಲ ಕಟ್ಟಿ ಬಿಚ್ಚಿ ಬೇಸತ್ತಿದ್ದೆ. ಏನಾಗುತ್ತಿದೆಯೆಂದು ತಿಳಿಯುವುದರೊಳಗೆ ನೆಲ ಕೆಳಗೆ ಉಳಿಯಿತು. ಪಂಚೆ ಕೊಡೆಯಂತೆ ಅರಳಿತು. ತಲೆ ತೊಲೆಗೆ ತಾಗಿ, ಅಲ್ಲಿಂದ ಪಕ್ಕಕ್ಕೆ ಹೊರಳಿ, ಹಗುರ ಮುಗಿದಾಗ ಅಟ್ಟದ ಮೇಲೆ ಇಳಿದಿದ್ದೆ. ಒಂದು ಕಡೆ ಹಳೆಯ ಪರಾತ, ಇನ್ನೊಂದು ಕಡೆ ಅಚ್ಚಮ್ಮನ ಉಪ್ಪಿನಕಾಯಿಯ ಜಾಡಿ, ನಡುವೆ ನಾನು. ಕಟ್ಟಳೆಯೆಂದರೆ ಕಟ್ಟಳೆ. ನಾಳೆ ಹಗುರ ಬರುವವರೆಗೆ ನಾನೂ ಜಾಡಿಯೂ ಒಂದೇ.

ಕೈಯೂರಿ ಕುಳಿತುಕೊಳ್ಳುವಾಗ ತೊಲೆಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಲಕೋಟೆ ತಾಗಿತು. ಒಂದೇ ನೋಟಕ್ಕೆ ನೆನಪಾಯಿತು. ಅಚ್ಚಮ್ಮ ಹೋದ ಮೂರನೆಯ ದಿನ ಬಂದದ್ದು. ಸೂತಕದಲ್ಲಿ ಒಡೆಯುವುದು ಬೇಡವೆಂದು ಮೇಜಿನ ಮೇಲಿಟ್ಟಿದ್ದೆ, ಹಗುರಕ್ಕೆ ಮೇಲೆ ಹೋಗಿತ್ತು. ಮುಟ್ಟಬಾರದಲ್ಲ ಎಂದು ಬಿಟ್ಟೆ. ಮರುದಿನದ ಹಗುರ ಅದನ್ನು ಇಳಿಸಲಿಲ್ಲ, ನಾನೂ ಮರೆತೆ. ಈಗ ಒಡೆದು ಓದಿದೆ. ಈ ಮಾದರಿಯನ್ನು ಇನ್ನು ತಯಾರಿಸುವುದಿಲ್ಲ, ಬೇಕಾದವರು ಆರು ತಿಂಗಳೊಳಗೆ ಬರೆಯಿರಿ, ಇಷ್ಟು ವರ್ಷ ನಮ್ಮೊಂದಿಗಿದ್ದುದಕ್ಕೆ ವಂದನೆ. ಗುಡಿಯ ಕಾರ್ಯದರ್ಶಿಯವರಿಗೆ ಎಂದು ನನ್ನ ಹೆಸರೇ ಇತ್ತು.

ಐದೂವರೆಯ ಹೊತ್ತಿಗೆ ಜಮೀಲಾಬಿ ಬಾಗಿಲು ತಳ್ಳಿಕೊಂಡು ಬಂದಳು. "ಮೇಷ್ಟ್ರೇ! ಎಲ್ಲಿದೀರಾ?"

"ಮೇಲಿದ್ದೀನಮ್ಮ."

ಅವಳು ಕತ್ತೆತ್ತಿ ನೋಡಿ ಸೆರಗು ಬಾಯಿಗೆ ಅದುಮಿಕೊಂಡಳು. "ಉಪ್ಪಿನಕಾಯಿ ಹಾಕೋಕೆ ಟೀಚರು ನಿಮ್ಮನ್ನೂ ಅಲ್ಲೇ ಇಟ್ಟಿದ್ರಾ?"

"ನಗಬೇಡ. ನಾಳೆಯವರೆಗೆ ಇಳಿಯೋ ಹಾಗಿಲ್ಲ."

"ಗೊತ್ತು. ಚೌಡಯ್ಯ ಗುಡಿ ಗೋಪುರದಲ್ಲಿ ಕೂತಿದಾನೆ. ಅವನಿಗೆ ಅರವತ್ತಾಗೋಕೆ ಇನ್ನೂ ಎರಡು ವರ್ಷ ಇದೆ, ಇಳಿಯೋ ಮಾರಾಯ ಅಂದ್ರೆ ಗಾಳಿ ಚೆನ್ನಾಗಿದೆ ಅಂತಾನೆ." ಅವಳು ತಂದಿದ್ದ ಬಾಳೆಹಣ್ಣನ್ನು ಮಾವಿನಕಾಯಿ ಕೀಳುವ ದೋಟಿಯ ತುದಿಗೆ ಸಿಕ್ಕಿಸಿ ಒಂದೊಂದಾಗಿ ನನಗೆ ಏರಿಸಿದಳು. ಹಪ್ಪಳವನ್ನೂ ಏರಿಸಿದಳು, ಅದು ದಾರಿಯಲ್ಲಿ ಮುರಿಯಿತು. ಆಮೇಲೆ ದನಿ ಬದಲಾಯಿಸಿ, "ನಮ್ಮ ಕಾರ್ಖಾನೆಯ ಸಾಕಮ್ಮನ ಮುಂಗೈ ಸುಟ್ಟಿದೆ ಮೇಷ್ಟ್ರೇ," ಎಂದಳು. "ಹಪ್ಪಳದ ಹದ ನೋಡೋಕೆ ಕರೀತಾ ಇದ್ಲು. ಗಂಟೆ ಇಲ್ಲ, ಬಾಣಲೆ ಮುಚ್ಚಲಿಲ್ಲ. ಎಣ್ಣೆ ಗೋಲಿಗಳ ಹಾಗೆ ಎದ್ದು ಬಂತು. ರೋಸಲಿನಮ್ಮ ಕಟ್ಟು ಹಾಕಿದಾರೆ. ಬೆರಳು ಆಡುತ್ತೆ, ದೇವರು ದೊಡ್ಡವನು. ನಾಳೆ ಇನ್ಯಾರೋ."

ಕೈಯಲ್ಲಿದ್ದ ಬಾಳೆಹಣ್ಣನ್ನು ಪರಾತದಲ್ಲಿಟ್ಟೆ. ಅಷ್ಟರಲ್ಲಿ ಆರು ಗಂಟೆಯಾಯಿತು.

ತೊಟ್ಟಿಲು ಕದಲಿತು. ಗೆಜ್ಜೆ ಕಿಣಿಕಿಣಿ ಎಂದಿತು. ಜಮೀಲಾಬಿ ತಿರುಗಿ ದೇವರ ಮನೆಯ ಹೊಸಿಲ ಆಚೆಯಿಂದಲೇ ನೋಡಿದಳು. ಪೀಠದ ಸಂದಿನಿಂದ ಹಸಿರು ದೀಪದ ಚುಕ್ಕೆಯೊಂದು ಮಿಟುಕುತ್ತಿತ್ತು. ಮೇಲಿನಿಂದ ನನಗೆ ಅವಳ ಬೈತಲೆ ಮಾತ್ರ ಕಾಣುತ್ತಿತ್ತು, ಮುಖ ಕಾಣಲಿಲ್ಲ.

"ನಾನು ಒಂದು ಪೆನ್ಸಿಲ್ ಕೇಳಿದ್ರೆ ಟೀಚರು ಯಾವಾಗ್ಲೂ ಎರಡು ಕೊಡೋರು," ಎಂದಳು. "ಒಂದು ಬರೆಯೋಕೆ, ಒಂದು ಮುರಿದಾಗ."

"ಜಮೀಲಾ..."

"ನಾನೇನೂ ನೋಡಿಲ್ಲ ಮೇಷ್ಟ್ರೇ. ಯಾರಿಗೂ ಹೇಳಲ್ಲ. ನಿಮ್ಮ ಸ್ವಾಮಿ ಹತ್ರ ನೀವೇ ಮಾತಾಡ್ಕೊಳ್ಳಿ." ದೋಟಿಯನ್ನು ಗೋಡೆಗೆ ಒರಗಿಸಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೋದಳು.

ಅಟ್ಟದ ಮೇಲಿನಿಂದ ಸ್ವಾಮಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಕೆಳಗೆ ಕೂತು ಪೂಜೆ ಮಾಡುವಾಗ ಅವನು ನನಗಿಂತ ಎತ್ತರದಲ್ಲಿರುತ್ತಾನೆ. ಇಲ್ಲಿಂದ ನೋಡಿದರೆ ಒಂಟಿ ಮಗು. ಒಂದು ಕೈಯಲ್ಲಿ ಬೆಣ್ಣೆ ಹಿಡಿದು ಮುಖವೆತ್ತಿ ನನ್ನನ್ನೇ ನೋಡುತ್ತಿದ್ದ. ತೊಟ್ಟಿಲು ತೂಗುತ್ತಿತ್ತು, ತೂಗುವವರು ಯಾರೂ ಇರಲಿಲ್ಲ. ಎಂಟು ತಿಂಗಳು ನಾನು ಎದುರಿಗೆ ಕೂತು ಗೆಜ್ಜೆಯ ಸದ್ದಿನಲ್ಲಿ ಅವಳನ್ನು ಕೇಳುತ್ತಿದ್ದೆನೇ ಹೊರತು ಒಂದು ದಿನವಾದರೂ ಅವನನ್ನು ಎತ್ತಿಕೊಂಡಿರಲಿಲ್ಲ. ತಪ್ಪಾಯಿತಪ್ಪ ಎಂದೆ. ಅವನಿಗೂ ಹೇಳಿದೆ, ಮನಸ್ಸಿನಲ್ಲೇ ಸಾಕಮ್ಮನಿಗೂ ಹೇಳಿದೆ. ಜಾಡಿಗೆ ಒರಗಿಕೊಂಡು ಸೊಗಸಾಗಿ ನಿದ್ದೆ ಮಾಡಿದೆ.

ಶುಕ್ರವಾರ ಒಂಬತ್ತಕ್ಕೆ ಬಂದ ಹಗುರ ನನ್ನನ್ನು ಹೂವಿನಂತೆ ಎತ್ತಿ ಹಾಸುಗಂಬಳಿಯ ಮೇಲೆ ಇಳಿಸಿತು. ಅಲ್ಲೇ ಒಂದು ದಿನ ಇರಬೇಕಾಗಿತ್ತು. ಆಯುಷ್ಯದಲ್ಲಿ ಮೊದಲ ಸಲ ಕಟ್ಟಳೆ ಮುರಿದು ಎದ್ದೆ. ಸ್ನಾನ ಮಾಡಿ, ಸ್ಕ್ರೂಡ್ರೈವರು ಹುಡುಕಿ, ಪೀಠದ ನಾಲ್ಕು ಮೊಳೆ ಬಿಚ್ಚಿದೆ. ಅಚ್ಚಮ್ಮ ತಂತಿಗಳನ್ನು ತನ್ನ ಜಡೆಗೆ ಕಟ್ಟುತ್ತಿದ್ದ ಕೆಂಪು ಟೇಪಿನಿಂದ ಕಟ್ಟಿದ್ದಳು. ಆ ಗಂಟು ಬಿಡಿಸಲು ಹೆಚ್ಚು ಹೊತ್ತಾಯಿತು. ಹಸಿರು ದೀಪ ಆರಿತು. ಬೋರ್ಡನ್ನು ಬೆಳ್ಳಿಯ ತಟ್ಟೆಯಲ್ಲಿ ತುಳಸಿಯ ಮೇಲಿಟ್ಟು ಗುಡಿಗೆ ಒಯ್ದೆ.

ಚೌಡಯ್ಯ ಗೋಪುರದಿಂದ ಇಳಿದು ಬಂದು ತಲೆ ಬಾಚಿಕೊಳ್ಳುತ್ತಿದ್ದ. ತಟ್ಟೆ ನೋಡಿ ಬಾಚಣಿಗೆ ಬಿಟ್ಟ. "ಇದೆಲ್ಲಿತ್ತು ಮೇಷ್ಟ್ರೇ?"

"ಸ್ವಾಮಿಯ ಹತ್ತಿರ."

"ಬಚ್ಚಿಟ್ಕೊಂಡಿದ್ದು ಸ್ವಾಮೀನಾ, ನೀವಾ?"

"ನಾನೇ ಕಣಯ್ಯ."

ಹಜಾರದ ಕಂಬದ ಪಕ್ಕದಲ್ಲಿ ಜಮೀಲಾಬಿ, ಕೈಗೆ ಕಟ್ಟು ಹಾಕಿದ್ದ ಸಾಕಮ್ಮ ನಿಂತಿದ್ದರು. ನಾನು ಸಾಕಮ್ಮನ ಮುಂದೆ ಹೋಗಿ ಕೈ ಮುಗಿದೆ. ಅವಳು ಗಾಬರಿಬಿದ್ದು ಕಟ್ಟಿನ ಕೈಯನ್ನೇ ಅಡ್ಡ ಹಿಡಿದಳು. "ಅಯ್ಯೋ ಬಿಡಿ ಸ್ವಾಮಿ, ದೊಡ್ಡೋರು ಕೈ ಮುಗೀಬಾರ್ದು. ಹದಿನೈದು ದಿನ ಹಪ್ಪಳ ಲಟ್ಟಿಸೋ ಹಾಗಿಲ್ಲ ಅಂತ ನರ್ಸಮ್ಮ ಅಂದವ್ರೆ. ರಜಾ ಸಿಕ್ತು, ನಾನೇ ನಿಮಗೆ ಋಣಿ."

ಕಾರ್ಡು ಹಾಕಿದ ಕೂಡಲೆ ದೀಪ ಹಸಿರಾಯಿತು, ಹಾಗೇ ನಿಂತಿತು. ಚೌಡಯ್ಯ ಹಿತ್ತಾಳೆಯ ತೂಕವನ್ನು ಉಗುರಿನಿಂದ ಸೋಕಿದ. ಗಂಟೆ ಢಣ್ ಎಂದಿತು. ಊರಿಗೆ ಊರೇ ಕಂಬ, ಬಳೆ, ಪಕ್ಕದವರ ಸೊಂಟ ಹಿಡಿದುಕೊಂಡಿತು. ಆಮೇಲೆ ಸುಮ್ಮನೆ ಪರೀಕ್ಷೆಗೆ ಹೊಡೆದದ್ದೆಂದು ತಿಳಿದು ಚೌಡಯ್ಯನನ್ನು ಹಿಡಿದುಕೊಂಡಿತು, ಹೊಡೆಯಲಿಕ್ಕೆ.

"ಎರಡೇ ತಿಂಗಳು ಮೇಷ್ಟ್ರೇ," ಎಂದು ಅವನು ಗುಂಪಿನ ನಡುವಿನಿಂದ ಕೂಗಿದ. "ಹೊಸದಕ್ಕೆ ಬುದ್ಧಿ ಕಲಿಸಿ ಇದನ್ನ ವಾಪಸ್ಸು ತಂದು ಕೊಡ್ತೀನಿ. ಆಮೇಲೆ ಅದಕ್ಕೆ ಎಷ್ಟು ವರ್ಷ ಆಯುಸ್ಸು ಅಂತ ಗೋಡೆ ಮೇಲೇ ಬರೆಸೋಣ!"

ಆ ಸಂಜೆ ಆರಕ್ಕೆ ತೊಟ್ಟಿಲು ಕದಲಲಿಲ್ಲ. ಕೈಯಿಂದ ತೂಗಿದೆ. ಅಚ್ಚಮ್ಮ ಹೇಳಿದ್ದು ನಿಜ, ಎರಡನೆಯ ಸಲಕ್ಕೇ ನಿದ್ದೆ ಬಂತು.

ಮರುದಿನ ಬೆಳಿಗ್ಗೆ ಹತ್ತೂವರೆಗೆ ಗಂಟೆ ಹೊಡೆಯಿತು. ಬೀದಿಯುದ್ದಕ್ಕೂ ಕೊಕ್ಕೆಗಳು ಟಕಟಕನೆ ಬಿದ್ದ ಸದ್ದು ಕೇಳಿಸಿತು. ನಾನು ದೀಪ ಶಾಂತ ಮಾಡಿ, ಪಾತ್ರೆಗಳನ್ನು ಸಿಕ್ಕಿಸಿ, ದೇವರ ಮನೆಯ ಕಂಬಕ್ಕೆ ನನ್ನ ಹಗ್ಗ ಬಿಗಿದೆ. ಇನ್ನೂ ಒಂದು ನಿಮಿಷ ಇತ್ತು. ಬಿಗಿದದ್ದನ್ನು ಬಿಚ್ಚಿ ಎರಡು ಮೊಳ ಉದ್ದ ಬಿಟ್ಟು ಕಟ್ಟಿದೆ. ಸ್ವಾಮಿಯನ್ನು ತೊಟ್ಟಿಲಿಗೆ ಬಿಗಿಯುವ ಪಟ್ಟಿಯನ್ನೂ ಅವತ್ತು ಬಿಗಿಯಲಿಲ್ಲ.

ಹಗುರ ಬಂತು. ಸರಪಳಿ ಸಡಿಲಾಗಿ ತೊಟ್ಟಿಲು ಎದ್ದಿತು. ಯಾರೂ ತೂಗದೆ ಅದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿತು. ಅದರೊಳಗಿಂದ ಅಂಬೆಗಾಲಿನವನು ಅಂಬೆಗಾಲಿನಲ್ಲೇ ಹೊರಗೆ ಬಂದ. ಗೆಜ್ಜೆ ಕಿಣಿಕಿಣಿ ಎನ್ನುತ್ತಿತ್ತು. ಅವನ ಹಿಂದೆ ತುಳಸಿ ದಳ, ಅಕ್ಷತೆ, ಅಚ್ಚಮ್ಮನ ಕೆಂಪು ಟೇಪು. ಹಗ್ಗದ ತುದಿಯಲ್ಲಿ ನಾನೂ ತಲೆಕೆಳಗಾಗಿ ಅವನ ಸುತ್ತ ಒಂದು ಪ್ರದಕ್ಷಿಣೆ ಬಂದೆ. ಆಮೇಲೆ ಆತುರವಿಲ್ಲದೆ ಎಲ್ಲವೂ ಇಳಿದವು. ನಾನು ಚಕ್ಕಂಬಟ್ಟಲು ಹಾಕಿದಂತೆ ಹಲಗೆಯ ಮೇಲೆ ಕೂತೆ. ಸ್ವಾಮಿ ಬಂದು ನನ್ನ ತೊಡೆಯ ಮೇಲೆ ಇಳಿದ.

ಬೀದಿಯಿಂದ ಜಮೀಲಾಬಿಯ ದನಿ ಬಂತು. "ಮೇಷ್ಟ್ರೇ, ಇವತ್ತು ಎಲ್ಲಿದೀರಾ? ಮೇಲಾ, ಕೆಳಗಾ?"

"ಕೆಳಗೇ ಇದ್ದೀನಮ್ಮ. ಆದರೆ ಏಳೋ ಹಾಗಿಲ್ಲ. ತೊಡೆ ಮೇಲೆ ಮಗು ಇದೆ."

"ನಾಳೆ ತನಕಾನಾ?"

"ನಾಳೆ ತನಕ," ಎಂದೆ. ಹೇಳುತ್ತಿದ್ದಂತೆ ಹೊಟ್ಟೆಯ ಆಳದಿಂದ, ಬೇವಿನ ಮರದ ಕೆಳಗೆ ಬಂದಿತ್ತಲ್ಲ, ಅದೇ ನಗು ಎದ್ದು ಬಂತು. ನಗುವಿಗೆ ತೊಡೆ ಕುಲುಕಿತು, ತೊಡೆ ಕುಲುಕಿದ್ದಕ್ಕೆ ಗೆಜ್ಜೆ ನುಡಿಯಿತು. ನಾನು ನಗು ನಿಲ್ಲಿಸಲಿಲ್ಲ, ಮಗುವನ್ನು ತೂಗಬೇಕಾಗಿತ್ತಲ್ಲ.